ಅಪ್‌ಡೇಟ್: ಬ್ರೇಕ್ ಸರಿಯಾಯ್ತು, ಖರ್ಚು 520 ರೂಪಾಯಿ

ಹೋದ ವಾರ ಕೇಳಿದ್ದೆನಲ್ಲ, ನನ್ನ 2003ರ ಕಾರಿನ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಮಡಿಕೇರಿಯ ಗ್ಯಾರೇಜಿನವರು ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಕೂಡಿಸಿ ಪೆಡಲ್ ಹಗುರ ಮಾಡುವ ಭಾಗ) ಹೋಗಿದೆ, ಏಳು ಸಾವಿರ ಆಗುತ್ತೆ ಅಂತಾರೆ ಅಂತ. ಬೂಸ್ಟರ್ ಹೋಗಿರಲೇ ಇಲ್ಲ! ನೀವು ಹೇಳಿದ ಹಾಗೆ ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ತುಳಿದು, ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿದೆ. ಪೆಡಲ್ ಸ್ವಲ್ಪ ಇಳಿಯಬೇಕಿತ್ತು, ಇಳಿಯಲಿಲ್ಲ, ಅಂದ್ರೆ ಬೂಸ್ಟರಿನ ಬಲ ಸಿಗುತ್ತಿರಲಿಲ್ಲ. ಬಾನೆಟ್ ಎತ್ತಿದರೆ ಸುಯ್ ಅಂತ ಸದ್ದು. ಬೂಸ್ಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪು (ಎಂಜಿನ್ ಬೂಸ್ಟರಿನ ಗಾಳಿ ಎಳೆಯುವುದು ಇದರಿಂದಲೇ) ಕ್ಲಿಪ್ಪಿನ ಹತ್ತಿರ ಸೀಳಿತ್ತು, ಬೆರಳಿಟ್ಟರೆ ಸದ್ದು ನಿಲ್ಲುತ್ತಿತ್ತು. ಕುಶಾಲನಗರದಲ್ಲಿ ಪೈಪು, ಚೆಕ್ ವಾಲ್ವ್ (ಗಾಳಿಯನ್ನು ಒಂದೇ ಕಡೆಗೆ ಬಿಡುವ ಕವಾಟ) ಎರಡೂ ಸಿಕ್ಕವು. ಸುಮ್ನೆ ನೀರಿನ ಪೈಪು ಹಾಕಬೇಡಿ, ಎಂಜಿನ್ ಗಾಳಿ ಎಳೆದಾಗ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತೆ. ನಿನ್ನೆ ಮಳೆಯಲ್ಲೇ ಸಂಪಾಜೆ ಘಾಟಿ ಇಳಿದೆ, ಈಗ ಕಾಲಿಟ್ಟರೆ ಸಾಕು. ಬ್ರೇಕ್ ಆಯಿಲ್ ಮಾತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ, ಭಾನುವಾರ ಬದಲಾಯಿಸುತ್ತೇನೆ.