ಮೈಲುತುತ್ತ ಕಲಸಿದ ಡ್ರಮ್ಮಿನಲ್ಲಿ ಹೊಸ ಮೀನನ್ನು ಇಡಬಹುದಾ?

ಸುಂಟಿಕೊಪ್ಪದ ಹೊಸಬ

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಮನೆಯಲ್ಲಿ ನಾಲ್ಕು ಅಡಿಯ ಉಪ್ಪುನೀರಿನ ಟ್ಯಾಂಕ್ ಇದೆ, 250 ಲೀಟರ್. 14 ತಿಂಗಳಾಯಿತು. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಎರಡು ಕ್ಲೀನರ್ ಸೀಗಡಿ, ಒಂದಷ್ಟು ಬಸವನಹುಳು ಇವೆ. ಮುಂದಿನ ವಾರ ಚೆನ್ನೈಯಿಂದ ಒಂದು ಕೋರಲ್ ಬ್ಯೂಟಿ ಮೀನು ಬರುತ್ತದೆ. ಕ್ವಾರಂಟೈನ್ ಮಾಡದೆ ಬಿಡಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಸಿಹಿನೀರಿನ ಮೀನು ಹತ್ತು ವರ್ಷ ಸಾಕಿದ್ದೇನೆ, ಒಮ್ಮೆಯೂ ಬೇರೆ ಇಟ್ಟವನಲ್ಲ. ನಿಜಕ್ಕೂ ಬೇಕಾ?

ಬೇಕು ಅಂತಾದರೆ ತೋಟದ 60 ಲೀಟರಿನ ಪ್ಲಾಸ್ಟಿಕ್ ಡ್ರಮ್ ಒಂದಿದೆ. ಮೈಲುತುತ್ತ (ಕಾಪರ್ ಸಲ್ಫೇಟ್), ಸುಣ್ಣ ಸೇರಿಸಿ ತೋಟಕ್ಕೆ ಹೊಡೆಯುವ ಬೋರ್ಡೋ ಕಲಸಲು ಬಳಸುತ್ತಿದ್ದದ್ದು. ಚೆನ್ನಾಗಿ ತೊಳೆದರೆ ಆಗುತ್ತದಾ? ಇನ್ನೊಂದು, ಮೀನಿನ ರೋಗಕ್ಕೂ ತಾಮ್ರವೇ ಮದ್ದಂತೆ. ಮೈಲುತುತ್ತ ಗೋಡೌನಿನಲ್ಲೇ ಇದೆ.

ಮಂಜಿನೂರಿನವ, ಮಡಿಕೇರಿ

ಡ್ರಮ್ ಬೇಡ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಲೆಕ್ಕ ನೋಡಿ. ಕರಿಮೆಣಸಿಗೆ ಶೇ 1ರ ಬೋರ್ಡೋ ಮಾಡುವಾಗ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಹಾಕುತ್ತೇವೆ ಅಲ್ವಾ? ಮೀನಿಗೆ ಬೇಕಾದ ತಾಮ್ರ ಲೀಟರಿಗೆ 0.15ರಿಂದ 0.25 ಮಿಲಿಗ್ರಾಂ. ಮೈಲುತುತ್ತದಲ್ಲಿ ತಾಮ್ರ ಇರುವುದು ಕಾಲು ಭಾಗ. ಅಂದರೆ ನಿಮ್ಮ 60 ಲೀಟರಿಗೆ ಸುಮಾರು 47 ಮಿಲಿಗ್ರಾಂ ಪುಡಿ ಸಾಕು. ಎರಡು ಅಕ್ಕಿಕಾಳಿನ ತೂಕ! ಅಷ್ಟು ನಿಮ್ಮ ಡ್ರಮ್ಮಿನ ಗೀರುಗಳಲ್ಲೇ ಕೂತಿರಬಹುದು. ಪ್ರಮಾಣ ಕಡಿಮೆಯಾದರೆ ರೋಗ ಸಾಯುವುದಿಲ್ಲ, ಜಾಸ್ತಿಯಾದರೆ ಮೀನೇ ಸಾಯುತ್ತದೆ. ಅಕ್ವೇರಿಯಂಗೆಂದೇ ಸಿಗುವ ತಾಮ್ರದ ಮದ್ದು ತನ್ನಿ, ಜೊತೆಗೆ ಅಳೆಯುವ ಕಿಟ್. ಕೆಲವು ಮದ್ದಿಗೆ ಅಳತೆಯೇ ಬೇರೆ ಇರುತ್ತದೆ, ಸೀಸೆ ಮೇಲಿನದ್ದನ್ನೇ ನೋಡಿ. ದೊಡ್ಡ ಟ್ಯಾಂಕಿಗಂತೂ ಒಂದು ಹನಿಯೂ ಹಾಕಬೇಡಿ. ಸೀಗಡಿ, ಬಸವನಹುಳು ಎಲ್ಲ ಹೋಗುತ್ತವೆ.

ಇನ್ನು ಬೇಕಾ ಅಂತ ಕೇಳಿದಿರಿ. 2021ರ ಕಕ್ಕಡ ತಿಂಗಳಲ್ಲಿ (ಜೋರು ಮಳೆಗಾಲ) ನಾನೂ ಒಂದು ಸೇಲ್‌ಫಿನ್ ಟ್ಯಾಂಗ್ ತಂದು ನೇರ ಬಿಟ್ಟೆ. ಅಂಗಡಿಯಲ್ಲಿ ಚೆನ್ನಾಗಿ ತಿನ್ನುತ್ತಿತ್ತು, ಮೈಮೇಲೆ ಒಂದು ಚುಕ್ಕೆ ಇರಲಿಲ್ಲ. ಮೂರನೇ ದಿನ ಪಂಪಿನ ನೀರಿಗೆ ಮುಖ ಕೊಟ್ಟು ನಿಂತುಬಿಟ್ಟಿತು. ಕಿವಿರು ಬಡಬಡ ಬಡಿಯುತ್ತಿತ್ತು. ರಾತ್ರಿ ಟಾರ್ಚನ್ನು ಅಡ್ಡಕ್ಕೆ ಹಿಡಿದಾಗ ಗೊತ್ತಾಯಿತು, ಮೈತುಂಬ ಮೈದಾ ಉದುರಿಸಿದ ಹಾಗೆ ಸಣ್ಣ ಧೂಳು. ವೆಲ್ವೆಟ್ ಅನ್ನುವ ಪರಾವಲಂಬಿ ರೋಗ. ಇಚ್ ಅಂತ ಇನ್ನೊಂದಿದೆ, ಅದಾದರೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಬರುತ್ತದೆ, ನಮಗೆ ಸ್ವಲ್ಪ ಸಮಯ ಸಿಗುತ್ತದೆ. ಇದು ಸಮಯವೇ ಕೊಡಲಿಲ್ಲ. ಅದೇ ರಾತ್ರಿ ಕರೆಂಟ್ ಲೈನ್ ಮೇಲೆ ಸಿಲ್ವರ್ ಓಕ್ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ. ನೀರು 26 ಡಿಗ್ರಿಯಿಂದ 20ಕ್ಕೆ ಇಳಿಯಿತು. ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ ತೇಲಿಬಿಟ್ಟು ಕೂತೆವು. ಏಳು ಮೀನಿನಲ್ಲಿ ಉಳಿದದ್ದು ಒಂದು ಕ್ಲೌನ್.

ಅದನ್ನು ಬೇರೆ ಟಬ್ಬಿಗೆ ಹಾಕಿ ಮದ್ದು ಕೊಟ್ಟೆ, ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಟ್ಟೆ. ವೆಲ್ವೆಟ್‌ಗೆ ಆರು ವಾರ ಸಾಕಂತೆ. ಆದರೆ ಇಚ್ ಕೂಡ ಸೇರಿಕೊಂಡಿದ್ದರೆ? ಅದು ಮೀನಿನ ಮೈಯಿಂದ ಉದುರಿ ಕಲ್ಲು ಮರಳಿನಲ್ಲಿ ಗಂಟು ಕಟ್ಟಿಕೊಂಡು ಕೂರುತ್ತದೆ. 72ನೇ ದಿನಕ್ಕೆ ಒಡೆದದ್ದೂ ಉಂಟು. ಬಂದ ನೆಂಟರೆಲ್ಲ ಮೀನೆಲ್ಲಿ ಅಂತ ಕೇಳುವವರೇ. ಸೀಗಡಿ ತೋರಿಸುತ್ತಿದ್ದೆ.

ನೀವು ಮಾಡಬೇಕಾದ್ದು ಇಷ್ಟೇ. ಎರಡು ಅಡಿಯ ಗಾಜಿನ ಟ್ಯಾಂಕ್ ತನ್ನಿ. ಮರಳು, ಕಲ್ಲು ಹಾಕಬೇಡಿ, ಅವು ತಾಮ್ರ ಹೀರುತ್ತವೆ. ಅಡಗಲು ಪಿವಿಸಿ ಎಲ್ಬೋ ಎರಡು ಇಡಿ. ಹೀಟರ್ ಬೇಕೇ ಬೇಕು. ಮಂಗಳೂರಿನವರು ನೀರು ತಂಪು ಮಾಡುವ ಚಿಲ್ಲರ್‌ಗೆ ದುಡ್ಡು ಸುರಿದರೆ ನಾವು ಹೀಟರ್‌ಗೆ. ಬ್ಯಾಟರಿಯ ಏರ್ ಪಂಪ್ ಒಂದಿರಲಿ. ಬಲೆ, ಬಕೆಟ್, ಪೈಪು ಎಲ್ಲ ಬೇರೆಯೇ. ಸ್ಪಾಂಜ್ ಫಿಲ್ಟರನ್ನು ಇವತ್ತೇ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಫಿಲ್ಟರ್ ಇರುವ ಪಕ್ಕದ ತೊಟ್ಟಿ) ಹಾಕಿಡಿ. ಅದರಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂರಲು ಮೂರು ನಾಲ್ಕು ವಾರ ಬೇಕು, ಇಲ್ಲದಿದ್ದರೆ ಮೀನು ರೋಗಕ್ಕಿಂತ ಮೊದಲು ಅಮೋನಿಯಾಕ್ಕೆ ಸಾಯುತ್ತದೆ. ಹಾಗಾಗಿ ಮುಂದಿನ ವಾರ ತರಿಸಬೇಡಿ.

ಪುತ್ತೂರಿನ ಉಪ್ಪುನೀರು

ಮಾರಾಯ್ರೆ, ಬಂದ ಮೀನಿಗೆಲ್ಲ ತಾಮ್ರ ಕುಡಿಸುವುದು ಯಾಕೆ? ನಾನು 30 ದಿನ ಬೇರೆ ಇಟ್ಟು ಸುಮ್ನೆ ನೋಡುತ್ತೇನೆ. ತಿನ್ನುತ್ತದಾ, ಮೈ ಉಜ್ಜುತ್ತದಾ, ಅಷ್ಟೇ. ಏನಾದರೂ ಕಂಡರೆ ಮಾತ್ರ ಮದ್ದು. ಮ್ಯಾಂಡರಿನ್‌ನಂಥ ಮೀನಿಗೆ ತಾಮ್ರ ಆಗಿಬರುವುದೇ ಇಲ್ಲ, ನಾನೇ ಒಂದನ್ನು ಹಾಗೆ ಕಳೆದುಕೊಂಡಿದ್ದೇನೆ. ಇಚ್‌ಗಾದರೆ ನೀರಿನ ಉಪ್ಪನ್ನು (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.009ಕ್ಕೆ ಇಳಿಸಿ 30 ದಿನ ಇಟ್ಟರೂ ಹೋಗುತ್ತದೆ. ಆದರೆ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಸರಿಯಿರಬೇಕು. 1.011 ಆದರೆ ಕೆಲಸ ಕೆಟ್ಟಿತು.

ಮಂಜಿನೂರಿನವ, ಮಡಿಕೇರಿ

ಮ್ಯಾಂಡರಿನ್ ವಿಷಯ ಒಪ್ಪಿದೆ. ಆದರೆ ಉಪ್ಪು ಇಳಿಸಿದರೆ ವೆಲ್ವೆಟ್ ಸಾಯುವುದಿಲ್ಲ, ನನ್ನ ಭಯ ಅದೇ. ಇಚ್ ಕಿವಿರಿನೊಳಗೆ ನಾಲ್ಕೈದು ಇದ್ದರೆ ಹೊರಗೆ ಕಾಣುವುದೂ ಇಲ್ಲ. ಕಣ್ಣು ನಂಬಿ ಒಮ್ಮೆ ಕೆಟ್ಟವನು ನಾನು.

ಕುಶಾಲನಗರದಿಂದ

ನಾನು ಐದು ವರ್ಷದಿಂದ ನೇರ ಬಿಡುತ್ತಿದ್ದೇನೆ, ಏನೂ ಆಗಿಲ್ಲ. ಚೆನ್ನಾಗಿ ತಿನ್ನಿಸಿ, ಸಾಕು.

ಪುತ್ತೂರಿನ ಉಪ್ಪುನೀರು

ನಿಮ್ಮ ಪುಣ್ಯ!

ಸುಂಟಿಕೊಪ್ಪದ ಹೊಸಬ

ಎಲ್ಲರಿಗೂ ಥ್ಯಾಂಕ್ಸ್. ಡ್ರಮ್ ತೋಟಕ್ಕೇ ವಾಪಸ್ ಹೋಯಿತು. ಮೀನನ್ನು ಇನ್ನೂ ಮೂರು ವಾರ ಇಟ್ಟುಕೊಳ್ಳಿ ಅಂದೆ, ಮಾರುವವರು ಒಪ್ಪಿದರು. ಸ್ಪಾಂಜ್ ಸಂಪಿಗೆ ಬಿತ್ತು. ಅವರ ನೀರಿನ ಉಪ್ಪು 1.019 ಅಂತೆ, ನನ್ನದು 1.025. ಮೀನು ಬಂದ ಮೇಲೆ ಒಂದು ಗಂಟೆ ಹನಿ ಹನಿ ನೀರು ಬಿಟ್ಟು ಹೊಂದಿಸಿದರೆ ಸಾಕಾ?

ಮಂಜಿನೂರಿನವ, ಮಡಿಕೇರಿ

ಹನಿ ಬಿಡಬೇಡಿ. ನಮ್ಮ ಜಿಲ್ಲೆಗೆ ರೈಲು ಕೂಡ ಇಲ್ಲ, ಚೆನ್ನೈಯಿಂದ ಇಲ್ಲಿಗೆ ಬರುವಷ್ಟರಲ್ಲಿ ಮೀನು ಚೀಲದಲ್ಲಿ ಒಂದು ದಿನ ಕಳೆದಿರುತ್ತದೆ. ಚೀಲದ ನೀರಿನ ಪಿಎಚ್ ಇಳಿದಿರುತ್ತದೆ, ಅದರಿಂದಲೇ ಅಮೋನಿಯಾ ಅಷ್ಟು ವಿಷ ಆಗಿರುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಆ ನೀರಿನಲ್ಲಿ ಇನ್ನೊಂದು ಗಂಟೆ ಯಾಕೆ? ಕ್ವಾರಂಟೈನ್ ಟ್ಯಾಂಕಿನ ಉಪ್ಪನ್ನೇ ಮೊದಲು 1.019 ಮಾಡಿಟ್ಟುಕೊಳ್ಳಿ. ಮುಚ್ಚಿದ ಚೀಲವನ್ನು 15 ನಿಮಿಷ ತೇಲಿಸಿ, ಬಿಚ್ಚಿ, ಮೀನನ್ನು ಮಾತ್ರ ಬಿಡಿ. ಚೀಲದ ನೀರು ಚರಂಡಿಗೆ. ಆಮೇಲೆ ದಿನಕ್ಕೆ 0.001ರಂತೆ ಉಪ್ಪು ಏರಿಸಿ. ಎರಡು ದಿನ ತಿನ್ನಲಿ, ನಂತರ ತಾಮ್ರ ಶುರು ಮಾಡಿ. ಮದ್ದಿನ ಪ್ರಮಾಣ ಪೂರ್ತಿ ಆದ ದಿನದಿಂದ 30 ದಿನ ಎಣಿಸಿ. ನೀರು ಬದಲಾಯಿಸಿದಾಗ ಹೊಸ ನೀರಿಗೂ ಅದೇ ಲೆಕ್ಕದಲ್ಲಿ ಮದ್ದು ಹಾಕಲು ಮರೆಯಬೇಡಿ.

ಸುಂಟಿಕೊಪ್ಪದ ಹೊಸಬ

ಆಯ್ತು ಸರ್. ಈಗ ಹೋಗಿ ಬಕೆಟ್ ನೋಡಿದೆ, ದೊಡ್ಡ ಟ್ಯಾಂಕಿಗೆ ಉಪ್ಪುನೀರು ಕಲಸುವ ಬಕೆಟ್. ಅದರ ತಳದಲ್ಲೂ ಒಂದು ನೀಲಿ ಕಲೆ ಇದೆ. ಬಸವನಹುಳು ಆಗಾಗ ಯಾಕೆ ಸಾಯುತ್ತಿತ್ತೋ ಅಂತ ತಲೆ ಕೆಡಿಸಿಕೊಂಡಿದ್ದೆ. ನಾಳೆ ಪೇಟೆಗೆ ಹೋಗಿ ಎರಡು ಹೊಸ ಬಕೆಟ್ ತರುತ್ತೇನೆ.