21 ವರ್ಷ ಆಯ್ತು, ನಮ್ಮೂರು ಯಾವುದು?

ಹಾಸನದವಳು, ಎಡಿಸನ್:
ನ್ಯೂಜೆರ್ಸಿಗೆ ಬಂದು 21 ವರ್ಷ. ಮಗಳು ಹುಟ್ಟಿದ್ದೂ ಇಲ್ಲೇ. ಓಕ್ ಟ್ರೀ ರೋಡಿಗೆ ಹೋದರೆ ರಾಗಿ ಹಿಟ್ಟು, ಕರಿಬೇವು ಎಲ್ಲ ಸಿಗುತ್ತದೆ. ಪೌರತ್ವದ ಅರ್ಜಿ ತುಂಬಿ ಮೂರು ವಾರದಿಂದ ಸುಮ್ನೆ ಇಟ್ಟಿದ್ದೇನೆ, ಕಳಿಸಲು ಕೈ ಬರುತ್ತಿಲ್ಲ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅಲ್ಲಿನ ನೀಲಿ ಪಾಸ್‌ಪೋರ್ಟ್ ರದ್ದು ಮಾಡಿಸಬೇಕು.

ಕಳೆದ ಸಲ ಊರಿಗೆ ಹೋದಾಗ ದೊಡ್ಡಮ್ಮ ನನ್ನ ಎಲೆಯ ಪಕ್ಕ ಮಾತ್ರ ಬಾಟಲಿ ನೀರು ಇಟ್ಟರು. ಉಳಿದವರಿಗೆಲ್ಲ ಹಿತ್ತಲ ಬಾವಿ ನೀರು, ಅದೇ ಹಿತ್ತಾಳೆ ಚೊಂಬಿನಲ್ಲಿ. ಪ್ರೀತಿಯಿಂದಲೇ ಇಟ್ಟಿದ್ದು. ಆದರೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ನಾನು ಆ ಮನೆಗೆ ನೆಂಟಳಾಗಿಬಿಟ್ಟೆ ಅಲ್ವಾ? ನಿಮಗೂ ಹೀಗಾಗಿದೆಯಾ?

ತಿಪಟೂರಿನವನು, ಶಿಕಾಗೊ:
ನಾನು 2011ರಲ್ಲಿ ಪೌರತ್ವ ತೆಗೆದುಕೊಂಡೆ. ಬೇರೆ ದೇಶದ ಪೌರರಾದ ಭಾರತ ಮೂಲದವರಿಗೆ ಭಾರತ ಕೊಡುವ ಒಸಿಐ ಕಾರ್ಡ್ ಇದೆ, ಊರಿಗೆ ಬರಲು ವೀಸಾ ಚಿಂತೆಯಿಲ್ಲ. ಆದರೆ ಅಲ್ಲಿ ಓಟಿಲ್ಲ, ಹೊಲ ತೋಟ ಕೊಳ್ಳುವಂತಿಲ್ಲ. ಅಪ್ಪನಿಂದ ಪಾಲಿಗೆ ಬಂದದ್ದನ್ನು ಇಟ್ಟುಕೊಳ್ಳಬಹುದು. ನಮ್ಮ ತೆಂಗಿನ ತೋಟ ಹಾಗೇ ಉಳಿಯಿತು.

ಉಡುಪಿಯವ, ಅಬುಧಾಬಿ:
ಅಕ್ಕಾ, ನಿಮಗೆ ಆರಿಸಿಕೊಳ್ಳುವ ಅವಕಾಶವಾದರೂ ಇದೆ. ನನಗಿಲ್ಲಿ 26 ವರ್ಷ. ವೀಸಾ ಕೆಲಸದ ಜೊತೆ ಗಂಟು ಬಿದ್ದಿದೆ, ಕೆಲಸ ಮುಗಿದರೆ ಹೊರಡಬೇಕು. ಹಾಗಿದ್ದೂ ಊರಿನಲ್ಲಿ ಎರಡು ವಾರ ಕಳೆದರೆ "ಮನೆಗೆ ಯಾವಾಗ ಹೋಗೋಣ" ಅಂತ ಬಾಯಿಗೆ ಬರುತ್ತದೆ. ಅಮ್ಮ ಕೇಳಿಸಿಕೊಂಡು ಒಳಗೆ ಹೋಗುತ್ತಾರೆ.

ಹಾಸನದವಳು:
ಉಡುಪಿಯವರೇ, ನಿಮ್ಮ ಅಮ್ಮನ ವಿಷಯ ಓದಿ ಕಣ್ಣು ತುಂಬಿತು. ತೋಟದ ವಿಷಯ ಇಂದೇ ಅಣ್ಣನ ಹತ್ತಿರ ಮಾತಾಡುತ್ತೇನೆ. ಮುಂದಿನ ಸಲ ಚೊಂಬಿನ ನೀರನ್ನೇ ಕೇಳಿ ಕುಡಿಯುತ್ತೇನೆ.