ಬಕ್‌ಸ್ಕಿನ್ ಗಲ್ಚ್: ಒಂದೇ ದಿನದಲ್ಲಿ ಆಗುತ್ತಾ?

ಪ್ರಶ್ನೆ: ಸೆಪ್ಟೆಂಬರ್ ಮೊದಲ ವಾರ ನಾವು ನಾಲ್ವರು ಅಮೆರಿಕದ ಯೂಟಾದಲ್ಲಿ ಇರುತ್ತೇವೆ. ವೈರ್ ಪಾಸ್ ಎಂಬ ಕವಲು ಕಣಿವೆಯಿಂದ ಇಳಿದು, ಬಕ್‌ಸ್ಕಿನ್ ಗಲ್ಚ್ ಎಂಬ ಇಕ್ಕಟ್ಟಾದ ಬಂಡೆ ಕಣಿವೆ ಪೂರ್ತಿ ದಾಟಿ, ವೈಟ್ ಹೌಸ್ ಎಂಬ ಚಾರಣ ತಾಣದ ಕಡೆ ಹೊರಬರಬೇಕೆಂದಿದ್ದೇವೆ. ಎಷ್ಟು ನೀರು ಬೇಕು?

ಉತ್ತರ (ಚಾರಣ ಮಾರ್ಗದರ್ಶಕ): ನೀರಿನ ಮಾತು ಆಮೇಲೆ. ಆ ದಾರಿ ಸುಮಾರು 34 ಕಿ.ಮೀ. ಇದೆ, ಅದು ಎರಡು ದಿನದ ನಡಿಗೆ. ನಡುವೆ ಹತ್ತಿ ಹೊರಬರಲು ಇರುವುದು ಮಿಡಲ್ ರೂಟ್ ಒಂದೇ. ಅದೂ ಸುಮಾರು 13 ಕಿ.ಮೀ. ಒಳಗೆ, ಬಂಡೆ ಹತ್ತಿಯೇ ಏರಬೇಕು. ಒಂದೇ ದಿನವಿದ್ದರೆ ವೈರ್ ಪಾಸ್‌ನಿಂದ ಬಕ್‌ಸ್ಕಿನ್ ಸೇರುವವರೆಗೆ 2.7 ಕಿ.ಮೀ., ಅಲ್ಲಿಂದ ಕೆಳಕ್ಕೆ ಇನ್ನು ಮೂರು ಕಿ.ಮೀ. ಹೋಗಿ ಬಂದ ದಾರಿಯಲ್ಲೇ ವಾಪಸ್ ಬನ್ನಿ. ಕಣಿವೆಗಳು ಕೂಡುವಲ್ಲಿ ಗೋಡೆಯ ಮೇಲೆ ಕಾಡುಕುರಿಗಳ ಕೆತ್ತನೆ ಇದೆ, ಕೈ ತಾಗಿಸಬೇಡಿ. ವೈರ್ ಪಾಸ್‌ನಲ್ಲಿ ಬಂಡೆ ಸಿಕ್ಕಿಕೊಂಡು ಆಳೆತ್ತರ ಮೀರಿದ ಇಳಿತವೊಂದಿದೆ. ಇಳಿದ ಮೇಲೆ ಹತ್ತಬೇಕಾಗುತ್ತದೆ ಎಂಬುದು ನೆನಪಿರಲಿ.

ನೀರು ತಲೆಗೆ 4 ಲೀಟರ್. ಬರೀ ನೀರನ್ನೇ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ. ಓಆರ್‌ಎಸ್ ಅಥವಾ ಉಪ್ಪಿನ ತಿಂಡಿ ಜೊತೆಗಿರಲಿ. ಕಣಿವೆಯ ಗುಂಡಿ ನೀರನ್ನು ನಂಬಿ ಹೋಗಬೇಡಿ: ಇದ್ದರೂ ಕೆಸರು, ಫಿಲ್ಟರ್ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಬೆಳಿಗ್ಗೆ ಆಕಾಶ ಶುಭ್ರವಾಗಿದ್ದರೆ ಇಳಿಯಬಹುದಲ್ಲವೇ?

ಉತ್ತರ: ನಿಮ್ಮ ನೆತ್ತಿಯ ಮೇಲಿನ ಆಕಾಶ ಲೆಕ್ಕಕ್ಕಿಲ್ಲ, ಮೇಲ್ಗಡೆಯ ಜಲಾನಯನದ್ದೇ ಲೆಕ್ಕ. ಹತ್ತಾರು ಕಿ.ಮೀ. ದೂರ ಬಿದ್ದ ಮಳೆ ಬೋಳು ಬಂಡೆಯಲ್ಲಿ ಇಂಗದೆ ನೇರ ಇಲ್ಲಿಗೇ ಹರಿಯುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಲೋಯರ್ ಆಂಟಿಲೋಪ್ ಕಣಿವೆಯಲ್ಲಿ 11 ಮಂದಿ ಸತ್ತದ್ದು ದೂರದಲ್ಲಿ ಸುರಿದ ಮಳೆಯ ನೀರಿನಿಂದ. ನಿಮ್ಮ ತಲೆಯ ಎಷ್ಟೋ ಮೇಲೆ ಗೋಡೆಗಳ ನಡುವೆ ಮರದ ದಿಮ್ಮಿ ಸಿಕ್ಕಿಕೊಂಡಿರುವುದು ಕಾಣುತ್ತದೆ. ಅದನ್ನು ಅಲ್ಲಿಟ್ಟದ್ದೂ ಪ್ರವಾಹವೇ.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ದಕ್ಷಿಣ ಯೂಟಾಕ್ಕೆ ದಿಢೀರ್ ಪ್ರವಾಹದ ಅಂದಾಜು ಕೊಡುತ್ತದೆ, ನಾಲ್ಕು ಹಂತದಲ್ಲಿ. ಅತಿ ಕೆಳಗಿನ ‘ನಿರೀಕ್ಷೆಯಿಲ್ಲ’ ಬಿಟ್ಟು ಬೇರೆ ಯಾವುದೇ ಇದ್ದರೂ ಇಳಿಯಬೇಡಿ. ಜುಲೈನಿಂದ ಸೆಪ್ಟೆಂಬರ್ ನಡುವರೆಗೆ ಅಲ್ಲಿ ಮಾನ್ಸೂನ್, ಗುಡುಗು ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರ. ದಿನಾಂಕ ಬದಲಿಸಲಾದರೆ ಅಕ್ಟೋಬರ್‌ಗೆ ತಳ್ಳಿ.

ಇನ್ನೊಬ್ಬ ಮಾರ್ಗದರ್ಶಕ: ಸೇರಿಸುತ್ತೇನೆ. ಒಳಗೆ ನೀರು ಒಮ್ಮೆಲೇ ಕದಡಿದರೆ, ಕಡ್ಡಿಕಸ ತೇಲಿ ಬಂದರೆ, ರೈಲಿನಂಥ ಸದ್ದು ಕೇಳಿದರೆ ಓಡಬೇಡಿ, ಎತ್ತರಕ್ಕೆ ಹತ್ತಿಕೊಳ್ಳಿ. ಚೀಲ ಬಿಡಿ. ನೀರು ಇಳಿಯುವವರೆಗೂ ಕೆಳಗಿಳಿಯಬೇಡಿ, ಎರಡನೇ ಅಲೆಯೂ ಬರಬಹುದು.

ಬಿಸಿಲು ಬೀಳದ ಗುಂಡಿಗಳ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಸೊಂಟದವರೆಗೆ ನೆನೆದು ನೆರಳಲ್ಲೇ ನಡೆದರೆ ನಡುಕ ಹತ್ತುತ್ತದೆ. ಹತ್ತಿ ಬಟ್ಟೆ ಬೇಡ, ಒಣ ಅಂಗಿಯೊಂದು ಪ್ಲಾಸ್ಟಿಕ್‌ನಲ್ಲಿರಲಿ. ಕೆಸರಿನ ಮುಂದೆ ಕೋಲಿನಿಂದ ಆಳ ನೋಡಿ. ಕಾಲು ಹೂತರೆ ನೇರ ಮೇಲಕ್ಕೆ ಎಳೆಯಬೇಡಿ, ಕೆಳಗೆ ನಿರ್ವಾತ ಹಿಡಿದೆಳೆಯುತ್ತದೆ. ಹಿಂದಕ್ಕೆ ಒರಗಿ, ಕಾಲನ್ನು ಸಣ್ಣಗೆ ಅಲುಗಾಡಿಸುತ್ತಾ ಸುತ್ತ ನೀರು ಇಳಿಯಲು ಬಿಡಿ.

ಪ್ರಶ್ನೆ: ಫೋನ್ ಸಿಗುತ್ತಾ? ಪ್ರವೇಶಕ್ಕೆ ಪಾಸ್ ಬೇಕಾ?

ಉತ್ತರ: ಸಿಗ್ನಲ್ ಸಿಗದು. ಉಪಗ್ರಹ ಸಂದೇಶ ಸಾಧನಕ್ಕೂ ತೆರೆದ ಆಕಾಶ ಬೇಕು, ಇಕ್ಕಟ್ಟಿನಲ್ಲಿ ಸುಮ್ಮನೆ ಹುಡುಕುತ್ತಾ ಕೂರುತ್ತದೆ. ಹಾಗಾಗಿ ವಾಪಸಾಗುವ ಗಂಟೆಯನ್ನು ಹೊರಗಿರುವವರಿಗೆ ಬರೆದುಕೊಡಿ. ಅರಿಜೋನಾ ಗಡಿ ಪಕ್ಕದಲ್ಲೇ, ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ. ಫೋನ್ ತಾನಾಗಿ ಬದಲಾದರೆ ಎಲ್ಲ ಲೆಕ್ಕ ತಪ್ಪುತ್ತದೆ. ಕೈಗಡಿಯಾರ ನೋಡಿ. ಹಗಲಿನ ಪಾಸ್ ತಲೆಗೆ 6 ಡಾಲರ್. ಹೆದ್ದಾರಿ 89ರಿಂದ ವೈರ್ ಪಾಸ್‌ವರೆಗೆ ಸುಮಾರು 13 ಕಿ.ಮೀ. ಮಣ್ಣಿನ ರಸ್ತೆ, ನೆನೆದರೆ ಜಿಗಟು ಜೇಡಿ, ಫೋರ್-ವೀಲ್ ಡ್ರೈವ್ ಗಾಡಿಯೂ ಜಾರುತ್ತದೆ. ರಸ್ತೆಯೇ ಒದ್ದೆಯಾಗಿದ್ದರೆ ಅಲ್ಲಿಂದಲೇ ತಿರುಗಿ.